ತಿಥಿ ನೋಡಿ ಕಡಲಿಗೆ ಹೊರಡಿ: ಆಳಂದ, ಅಫಜಲಪುರ, ಜೇವರ್ಗಿಯವರಿಗೆ ಮುಂಬೈ ಪ್ರವಾಸದ ಕೈಪಿಡಿ

ಆಳಂದ ಸೀಮೆಯ ಅಮರ್ಜಾ ನದಿ ಗಾಣಗಾಪುರದ ಸಂಗಮದಲ್ಲಿ ಭೀಮೆಗೆ ಸೇರುತ್ತದೆ. ಅಫಜಲಪುರ, ಜೇವರ್ಗಿಯ ಹೊಲಗಳನ್ನು ತೋಯಿಸುತ್ತ ಸಾಗುವ ಭೀಮೆ ಮುಂದೆ ಕೃಷ್ಣೆಯಲ್ಲಿ ಒಂದಾಗುತ್ತದೆ. ಸಹ್ಯಾದ್ರಿಯ ಭೀಮಾಶಂಕರದಲ್ಲಿ, ಅರಬ್ಬಿ ಕಡಲಿಗೆ ಹತ್ತಿರದಲ್ಲೇ ಹುಟ್ಟುವ ಈ ನದಿ ಆ ಕಡಲಿಗೆ ಬೆನ್ನು ಹಾಕಿ ಪೂರ್ವಕ್ಕೆ ಹರಿಯುತ್ತದೆ. ಹಾಗಾಗಿ ಕಡಲು ನೋಡಬೇಕೆಂದರೆ ನಮ್ಮ ಮೂರೂ ತಾಲ್ಲೂಕುಗಳ ಜನ ನದಿಯ ಎದುರು ದಿಕ್ಕಿಗೆ ಹೊರಡಬೇಕು. ಕಲಬುರಗಿಯಿಂದ ಮುಂಬೈ ರೈಲಿನಲ್ಲಿ ಸುಮಾರು 570 ಕಿ.ಮೀ., ಅಂದರೆ ಒಂದು ರಾತ್ರಿಯ ಹಾದಿ.

ಮೊದಲ ಸಲ ಹೋಗುವವರು ಒಂದು ಮಾತು ಗಟ್ಟಿಯಾಗಿ ನೆನಪಿಡಬೇಕು. ಮುಂಬೈಯಲ್ಲಿ ದಿನವನ್ನು ನಡೆಸುವುದು ಎರಡು ವೇಳಾಪಟ್ಟಿಗಳು: ಒಂದು ಕಡಲಿನ ಉಬ್ಬರ ಇಳಿತದ್ದು, ಇನ್ನೊಂದು ಲೋಕಲ್ ರೈಲಿನ ಜನಸಂದಣಿಯದ್ದು. ಇವೆರಡನ್ನೂ ತಿಳಿದು ಹೊರಟವರಿಗೆ ಆ ಮಹಾನಗರ ಸುಲಭವಾಗಿ ಒಗ್ಗುತ್ತದೆ. ಕಡಲಿನ ವೇಳಾಪಟ್ಟಿಯಂತೂ ನಿಮ್ಮ ಮನೆಯ ಗೋಡೆಯ ಕ್ಯಾಲೆಂಡರಿನಲ್ಲೇ ಇದೆ.

1. ತಿಂಗಳು ಗೊತ್ತು ಮಾಡಿಕೊಳ್ಳಿ

ನವೆಂಬರ್‌ನಿಂದ ಫೆಬ್ರುವರಿವರೆಗಿನ ಕಾಲ ಒಳ್ಳೆಯದು. ರೈತ ಕುಟುಂಬಗಳಿಗೆ ತೊಗರಿ ರಾಶಿ ಮುಗಿದ ಮೇಲಿನ ದಿನಗಳು, ಅಂದರೆ ಜನವರಿ ಕೊನೆಯಿಂದ ಫೆಬ್ರುವರಿವರೆಗೆ ಹೊಂದುತ್ತವೆ. ಮಾರ್ಚ್ ನಂತರ ಅಲ್ಲಿ ಸೆಕೆ ಏರುತ್ತದೆ. ನಮ್ಮ ಕಡೆಯಂತೆ 42 ಡಿಗ್ರಿ ಮುಟ್ಟದಿದ್ದರೂ ಗಾಳಿಯಲ್ಲಿ ನೀರಿನಂಶ ಹೆಚ್ಚು. ಬೆವರು ಆರುವುದಿಲ್ಲ, ಒಣ ಬಿಸಿಲಿಗೆ ಒಗ್ಗಿದ ಮೈ ಬೇಗ ಸೋಲುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಕ್ಕಳು, ಹಿರಿಯರನ್ನು ಕರೆದುಕೊಂಡು ಹೋಗಬೇಡಿ. ಮುಂಬೈಯಲ್ಲಿ ವರ್ಷಕ್ಕೆ 2,000 ಮಿ.ಮೀ. ಮೀರಿ ಮಳೆ ಬೀಳುತ್ತದೆ, ಬಹುಪಾಲು ಈ ನಾಲ್ಕೇ ತಿಂಗಳಲ್ಲಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಬಿತ್ತು. ನಮ್ಮ ಜಿಲ್ಲೆಗೆ ಸಾಮಾನ್ಯವಾಗಿ ಇಡೀ ವರ್ಷದಲ್ಲೂ ಅಷ್ಟು ಮಳೆ ಬರುವುದಿಲ್ಲ.

ಡಿಸೆಂಬರ್ 6ರ ಆಜುಬಾಜು ಇನ್ನೊಂದು ಲೆಕ್ಕ. ಅಂದು ಬಾಬಾಸಾಹೇಬ ಅಂಬೇಡ್ಕರ್ ಅವರ ಮಹಾಪರಿನಿರ್ವಾಣ ದಿನ. ದಾದರಿನ ಚೈತ್ಯಭೂಮಿಗೆ ದೇಶದ ಮೂಲೆ ಮೂಲೆಗಳಿಂದ ಲಕ್ಷಾಂತರ ಜನ ಬರುತ್ತಾರೆ. ದರ್ಶನಕ್ಕೆಂದೇ ಹೋಗುವವರಿಗೆ ಅದು ದೊಡ್ಡ ದಿನ. ಊರು ನೋಡಲು ಹೋಗುವವರು ಬೇರೆ ವಾರ ಆರಿಸಿಕೊಳ್ಳಿ, ಆ ದಿನಗಳಲ್ಲಿ ರೈಲಿನಲ್ಲೂ ವಸತಿಗೃಹಗಳಲ್ಲೂ ಜಾಗ ಸಿಗುವುದು ಕಷ್ಟ.

2. ತಿಥಿ ನೋಡಿ, ವಾರ ನೋಡಿ

ಕಡಲು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಹೀಗಾಗಿ ಉಬ್ಬರದ ವೇಳೆ ದಿನಕ್ಕೆ 50 ನಿಮಿಷದಷ್ಟು ಮುಂದೆ ಸರಿಯುತ್ತ ಹೋಗುತ್ತದೆ. ಇದಕ್ಕೆ ಚಂದ್ರನ ಸೆಳೆತ ಮುಖ್ಯ ಕಾರಣವಾದ್ದರಿಂದ ತಿಥಿ ಗೊತ್ತಿದ್ದವರಿಗೆ ಕಡಲಿನ ಹೊತ್ತೂ ಗೊತ್ತಾಗುತ್ತದೆ.

ಮುಂಬೈಗೆ ಅಂದಾಜು ಲೆಕ್ಕ ಹೀಗಿದೆ:

- ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು: ಮಧ್ಯಾಹ್ನ 12ರ ಸುಮಾರಿಗೆ ಮತ್ತು ಮಧ್ಯರಾತ್ರಿ ಕಡಲು ತುಂಬಿರುತ್ತದೆ. ಬೆಳಗ್ಗೆ 6, ಸಂಜೆ 6ರ ಸುಮಾರಿಗೆ ಇಳಿದಿರುತ್ತದೆ. ಏರಿಳಿತದ ಅಂತರ 4 ಮೀಟರ್ ದಾಟುವುದೂ ಉಂಟು.
- ಅಷ್ಟಮಿಯ ಆಸುಪಾಸು: ಬೆಳಗ್ಗೆ ಮತ್ತು ಸಂಜೆ 6–7ರ ಸುಮಾರಿಗೆ ಉಬ್ಬರ, ನಡುಮಧ್ಯಾಹ್ನ ಇಳಿತ. ಏರಿಳಿತದ ಅಂತರ ಕಡಿಮೆ.

ಸಂಜೆ ಕಡಲಂಚಿನ ರಸ್ತೆಯಾದ ಮರೀನ್ ಡ್ರೈವ್ ಗೋಡೆಯ ಬುಡಕ್ಕೆ ನೀರು ಬರುವುದನ್ನು ನೋಡಬೇಕೆನ್ನುವವರು ಅಷ್ಟಮಿಯ ವಾರ ಆರಿಸಿಕೊಳ್ಳಿ. ಗಿರಗಾಂವ್ ಚೌಪಾಟಿಯ ಅಗಲವಾದ ಮರಳಿನ ಮೇಲೆ ಮಕ್ಕಳು ಸಂಜೆ ಆಡಬೇಕೆಂದರೆ ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಸುಪಾಸು ಹೋಗಿ. ನಿಖರ ಸಮಯ ಅಲ್ಲಿನ ದಿನಪತ್ರಿಕೆಗಳಲ್ಲಿ, ಮೊಬೈಲ್‌ನಲ್ಲಿ ಸಿಗುತ್ತದೆ. ಹೊರಡುವ ಮುನ್ನ ಒಮ್ಮೆ ತಾಳೆ ನೋಡಿಕೊಳ್ಳಿ.

ವಾರದ ಲೆಕ್ಕವೂ ಮುಖ್ಯ. ಎಲಿಫೆಂಟಾ ಗುಹೆಗಳಿಗೆ ಸೋಮವಾರ ರಜೆ. ಭಾಯಖಳಾದ ಪ್ರಾಣಿಸಂಗ್ರಹಾಲಯಕ್ಕೆ ಬುಧವಾರ ರಜೆ. ಸಿದ್ಧಿವಿನಾಯಕನಲ್ಲಿ ಮಂಗಳವಾರ, ಹಾಜಿ ಅಲಿ ದರ್ಗಾದಲ್ಲಿ ಶುಕ್ರವಾರ ಜನ ಕಿಕ್ಕಿರಿಯುತ್ತಾರೆ. ಭಾನುವಾರ ಹಳಿ ದುರಸ್ತಿಗಾಗಿ ಲೋಕಲ್ ರೈಲುಗಳಿಗೆ ‘ಮೆಗಾ ಬ್ಲಾಕ್’ ಇರುತ್ತದೆ, ಹಗಲು ಹಲವು ಗಂಟೆ ಕೆಲವು ಮಾರ್ಗಗಳು ಬಂದ್. ಹೀಗಾಗಿ ಬುಧವಾರ ರಾತ್ರಿ ಹೊರಟು ಗುರುವಾರ, ಶುಕ್ರವಾರ, ಶನಿವಾರ ಊರು ನೋಡಿ, ಭಾನುವಾರ ಮರಳುವುದು ಅನುಕೂಲ.

3. ರೈಲಿನ ಟಿಕೆಟ್ ಮಾಡಿಸಿ

ಮೂರೂ ತಾಲ್ಲೂಕುಗಳಿಗೆ ಕಲಬುರಗಿ ನಿಲ್ದಾಣವೇ ಭರವಸೆಯದು. ಆಳಂದದಿಂದಲೂ ಜೇವರ್ಗಿಯಿಂದಲೂ ಬಸ್ಸಿನಲ್ಲಿ ಸುಮಾರು 40 ಕಿ.ಮೀ. ಅಫಜಲಪುರ ತಾಲ್ಲೂಕಿನ ಕೆಲವು ಊರುಗಳಿಗೆ ಗಾಣಗಾಪುರ ರೋಡ್ ನಿಲ್ದಾಣ ಹತ್ತಿರ. ಅಲ್ಲಿ ಎಲ್ಲ ಗಾಡಿಗಳೂ ನಿಲ್ಲುವುದಿಲ್ಲ, ಟಿಕೆಟ್ ಮಾಡಿಸುವ ಮೊದಲು ನಿಲುಗಡೆ ಇದೆಯೇ ನೋಡಿ. ಆಳಂದದ ಗಡಿಭಾಗದವರು ಸೊಲ್ಲಾಪುರಕ್ಕೆ ಹೋಗಿಯೂ ರೈಲು ಹಿಡಿಯಬಹುದು. ಅಲ್ಲಿಂದ ರಾತ್ರಿ ಹೊರಡುವ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಇದೆ, 2023ರ ಫೆಬ್ರುವರಿಯಿಂದ ವಂದೇ ಭಾರತ್ ಕೂಡ ಓಡುತ್ತಿದೆ. ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಕಲಬುರಗಿವರೆಗೆ ಬಸ್ ಪ್ರಯಾಣ ಉಚಿತ. ಸೊಲ್ಲಾಪುರದ ಅಂತರರಾಜ್ಯ ಬಸ್ಸಿಗೆ ಟಿಕೆಟ್ ತೆಗೆದುಕೊಳ್ಳಲೇಬೇಕು.

ಕಲಬುರಗಿ ಮೂಲಕ ಹುಸೇನ್ ಸಾಗರ್, ಕೋನಾರ್ಕ್, ಉದ್ಯಾನ್ ಮುಂತಾದ ಎಕ್ಸ್‌ಪ್ರೆಸ್‌ಗಳು ಮುಂಬೈಗೆ ಹೋಗುತ್ತವೆ. ಹೋಗುವಾಗ ರಾತ್ರಿ ಪ್ರಯಾಣದ ಗಾಡಿ ಹಿಡಿಯಿರಿ. ಒಂದು ರಾತ್ರಿಯ ವಸತಿ ಖರ್ಚು ಉಳಿಯುತ್ತದೆ, ಮುಂಜಾನೆ ಊರು ಖಾಲಿ ಇರುವಾಗ ಇಳಿಯುತ್ತೀರಿ.

ಮುಂಗಡ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ತತ್ಕಾಲ್ ಹಿಂದಿನ ದಿನ ಸಿಗುತ್ತದೆ, ಎಸಿ ಬೋಗಿಗೆ ಬೆಳಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ. ಕುಟುಂಬ ಸಮೇತ ಹೋಗುವವರು ತತ್ಕಾಲ್ ನಂಬಿ ಕೂರಬೇಡಿ. 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಕೆಳಗಿನ ಬರ್ತ್‌ನ ಕೋಟಾ ಇದೆ. ವಯಸ್ಸು ಸರಿಯಾಗಿ ಬರೆಯಿಸಿ, ಆ ಕೋಟಾವನ್ನು ಕೇಳಿ ಪಡೆಯಿರಿ. ಐದರೊಳಗಿನ ಮಗುವಿಗೆ ಬರ್ತ್ ಬೇಡವೆಂದರೆ ಟಿಕೆಟ್ ಬೇಕಿಲ್ಲ.

ಟಿಕೆಟ್ಟಿನಲ್ಲಿ ಇಳಿಯುವ ನಿಲ್ದಾಣ ಓದಿ. ‘ಸಿಎಸ್‌ಎಂಟಿ’ ಎಂದಿದ್ದರೆ ಅದು ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್, ಊರಿನ ದಕ್ಷಿಣ ತುದಿ, ನೋಡುವ ಜಾಗಗಳ ನಡುವೆಯೇ ಇಳಿದಂತೆ. ‘ಎಲ್‌ಟಿಟಿ’ ಎಂದಿದ್ದರೆ ಅದು ಕುರ್ಲಾದ ಲೋಕಮಾನ್ಯ ತಿಲಕ ಟರ್ಮಿನಸ್, ಸಿಎಸ್‌ಎಂಟಿಯಿಂದ ಬಲು ದೂರ. ಮೊದಲ ಸಲ ಹೋಗುವವರಿಗೆ ಸಿಎಸ್‌ಎಂಟಿ ಅಥವಾ ದಾದರ್ ಒಳ್ಳೆಯದು. ರೈಲಿನ ವಿಚಾರಣೆಗೆ 139ಕ್ಕೆ ಕರೆ ಮಾಡಿ.

4. ಗಂಟುಮೂಟೆ ಹಗುರವಾಗಿರಲಿ

ಲೋಕಲ್ ರೈಲು, ಲಾಂಚ್, ಮೆಟ್ಟಿಲು ಎಲ್ಲ ಕಡೆಯೂ ಸಾಮಾನು ಹೊತ್ತು ಓಡಾಡುವುದು ಕಷ್ಟ. ಒಬ್ಬರಿಗೆ ಒಂದು ಚೀಲ ಸಾಕು. ಹತ್ತಿ ಬಟ್ಟೆ, ತಲೆಗೆ ಟೊಪ್ಪಿಗೆ ಅಥವಾ ಸೆರಗು, ನೆನೆದರೂ ಜಾರದ ಚಪ್ಪಲಿ, ಔಷಧಿ, ಓಆರ್‌ಎಸ್ ಪುಡಿ, ನೀರಿನ ಬಾಟಲಿ ಇರಲಿ. ಖಡಕ್ ರೊಟ್ಟಿ, ಸೇಂಗಾ ಹಿಂಡಿ, ಅಗಸಿ ಹಿಂಡಿ ಕಟ್ಟಿಕೊಳ್ಳಿ, ಕಡಲ ತೇವಕ್ಕೆ ರೊಟ್ಟಿ ಬೇಗ ಮೆತ್ತಗಾಗುವುದರಿಂದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.

ದೊಡ್ಡವರೆಲ್ಲರ ಆಧಾರ್ ಕಾರ್ಡ್ ಮೂಲಪ್ರತಿ ಬೇಕು, ಗುರುತಿನ ಚೀಟಿ ಇಲ್ಲದೆ ಲಾಡ್ಜ್‌ನಲ್ಲಿ ಕೋಣೆ ಕೊಡುವುದಿಲ್ಲ. ಹಣವನ್ನು ಎರಡು ಮೂರು ಜನರ ಬಳಿ ಹಂಚಿಡಿ. ಫೋನ್ ಪೇ ಎಲ್ಲೆಡೆ ನಡೆದರೂ ಚಿಲ್ಲರೆ ಕೈಯಲ್ಲಿರಲಿ. ಮಕ್ಕಳ ಕಿಸೆಯಲ್ಲಿ, ಮೊಬೈಲ್ ಇಲ್ಲದ ಹಿರಿಯರ ಕಿಸೆಯಲ್ಲಿ ಎರಡು ಫೋನ್ ನಂಬರು, ಲಾಡ್ಜ್‌ನ ಹೆಸರು ಬರೆದ ಚೀಟಿ ಇಡಿ.

5. ಉಳಿಯುವ ಜಾಗ

ಸಿಎಸ್‌ಎಂಟಿ, ಫೋರ್ಟ್ ಸುತ್ತಮುತ್ತ ಉಳಿದರೆ ಓಡಾಟ ಕಡಿಮೆ, ಬಾಡಿಗೆ ಹೆಚ್ಚು. ದಾದರ್‌ನಲ್ಲಿ ಉಳಿದರೆ ಸೆಂಟ್ರಲ್, ವೆಸ್ಟರ್ನ್ ಎರಡೂ ಲೋಕಲ್ ಮಾರ್ಗಗಳು ಕೈಗೆ ಸಿಗುತ್ತವೆ. ಪ್ರವಾಸದ ಖರ್ಚಿನಲ್ಲಿ ದೊಡ್ಡ ಪಾಲು ಕೋಣೆ ಬಾಡಿಗೆಗೇ ಹೋಗುವುದರಿಂದ ಊರಿಂದ ಹೊರಡುವ ಮುನ್ನವೇ ಫೋನಿನಲ್ಲಿ ದರ ಮಾತಾಡಿ ಕಾಯ್ದಿರಿಸಿ. ರೈಲ್ವೆಯ ವಿಶ್ರಾಂತಿ ಕೊಠಡಿಗಳನ್ನು ಟಿಕೆಟ್ ಇದ್ದವರು ಐಆರ್‌ಸಿಟಿಸಿ ಮೂಲಕ ಕೇಳಬಹುದು.

ನಮ್ಮ ಊರುಗಳಿಂದ, ತಾಂಡಾಗಳಿಂದ ಕಟ್ಟಡ ಕೆಲಸಕ್ಕೆ ಮುಂಬೈ, ಪುಣೆಗೆ ಹೋದ ಕುಟುಂಬಗಳು ಬಹಳ. ಅವರ ಮನೆಯಲ್ಲಿ ಉಳಿಯುವ ಆಸೆ ಸಹಜ. ಆದರೆ ಅಲ್ಲಿ ಒಂದೇ ಕೋಣೆಯಲ್ಲಿ ಐದಾರು ಜನ ಇರುತ್ತಾರೆ, ನೀರು ಬರುವುದು ನಿಗದಿತ ಹೊತ್ತಿಗೆ, ಬೆಳಗ್ಗೆ ಎದ್ದು ಕೆಲಸಕ್ಕೆ ಓಡಬೇಕು. ಬಂಧುಗಳನ್ನು ಕಾಣಲು ಹೋಗಿ, ಉಳಿಯುವ ವ್ಯವಸ್ಥೆ ಬೇರೆ ಮಾಡಿಕೊಳ್ಳಿ. ಸಾಧ್ಯವಾದರೆ ಅವರಿಗೆ ರಜೆ ಸಿಗುವ ದಿನ ನಿಮ್ಮ ಜೊತೆಗೇ ಕರೆದುಕೊಂಡು ಹೋಗಿ. ಅಲ್ಲಿನ ಎತ್ತರದ ಕಟ್ಟಡಗಳಿಗೆ ಇಟ್ಟಿಗೆ, ಸಿಮೆಂಟು ಹೊತ್ತವರಲ್ಲಿ ಎಷ್ಟೋ ಜನರಿಗೆ ಎಲಿಫೆಂಟಾ ನೋಡುವ ಬಿಡುವು ಸಿಕ್ಕಿರುವುದಿಲ್ಲ. ಈ ಪ್ರವಾಸದಲ್ಲಿ ಅವರಿಗೂ ಹಕ್ಕಿದೆ.

6. ಊರೊಳಗಿನ ಓಡಾಟ

ಲೋಕಲ್ ರೈಲಿನಲ್ಲಿ ಮೂರು ಮುಖ್ಯ ಮಾರ್ಗ: ಚರ್ಚ್‌ಗೇಟ್‌ನಿಂದ ಉತ್ತರಕ್ಕೆ ವೆಸ್ಟರ್ನ್, ಸಿಎಸ್‌ಎಂಟಿಯಿಂದ ಕಲ್ಯಾಣದ ಕಡೆಗೆ ಸೆಂಟ್ರಲ್, ಪನವೇಲ್ ಕಡೆಗೆ ಹಾರ್ಬರ್. ‘ಸ್ಲೋ’ ಗಾಡಿ ಎಲ್ಲ ನಿಲ್ದಾಣಗಳಲ್ಲೂ ನಿಲ್ಲುತ್ತದೆ, ‘ಫಾಸ್ಟ್’ ಗಾಡಿ ದೊಡ್ಡ ನಿಲ್ದಾಣಗಳಲ್ಲಿ ಮಾತ್ರ.

ಬೆಳಗ್ಗೆ 8ರಿಂದ 11ರವರೆಗೆ ಜನಪ್ರವಾಹ ದಕ್ಷಿಣಕ್ಕೆ, ಸಂಜೆ 5ರಿಂದ 8:30ರವರೆಗೆ ಉತ್ತರಕ್ಕೆ. ಈ ಹೊತ್ತಿನಲ್ಲಿ ಆ ದಿಕ್ಕಿನ ಗಾಡಿ ಹತ್ತಲೇಬೇಡಿ. ಎದುರು ದಿಕ್ಕಿನ ಗಾಡಿಯಲ್ಲಿ ಅದೇ ಹೊತ್ತಿಗೆ ಕೂರಲು ಜಾಗ ಸಿಗುತ್ತದೆ. ಹತ್ತುವ ಮುನ್ನವೇ ಯಾವ ನಿಲ್ದಾಣದಲ್ಲಿ ಇಳಿಯಬೇಕೆಂದು ಮನೆಮಂದಿಗೆಲ್ಲ ಹೇಳಿಡಿ. ಗುಂಪು ತಪ್ಪಿದರೆ ಅಲ್ಲಿ ಇಳಿದು ನಿಂತಲ್ಲೇ ನಿಲ್ಲಬೇಕು. ಹೆಂಗಸರಿಗೆ ಪ್ರತ್ಯೇಕ ಬೋಗಿಗಳಿವೆ. ಬಾಗಿಲಲ್ಲಿ ನಿಲ್ಲುವುದು, ಹಳಿ ದಾಟುವುದು ಬೇಡವೇ ಬೇಡ.

ಲೋಕಲ್ ಗದ್ದಲ ಬೇಡವೆನ್ನುವ ಹಿರಿಯರಿಗೆ ನೆಲದಡಿಯ ಮೆಟ್ರೊ 3 ದೊಡ್ಡ ಅನುಕೂಲ. 2025ರ ಅಕ್ಟೋಬರ್‌ನಲ್ಲಿ ಪೂರ್ತಿ ತೆರೆದ ಈ ಮಾರ್ಗ ಸಿಎಸ್‌ಎಂಟಿ, ಚರ್ಚ್‌ಗೇಟ್, ಸಿದ್ಧಿವಿನಾಯಕ, ದಾದರ್ ಮೂಲಕ ಹಾದುಹೋಗುತ್ತದೆ. ಬೆಸ್ಟ್ ಬಸ್ಸುಗಳು ಅಗ್ಗ. ಇನ್ನೊಂದು ಸಂಗತಿ: ಬಾಂದ್ರಾ, ಸಾಯನ್‌ನಿಂದ ದಕ್ಷಿಣಕ್ಕೆ ಆಟೋ ಬರುವಂತಿಲ್ಲ. ಅಲ್ಲಿ ಕಪ್ಪು-ಹಳದಿ ಟ್ಯಾಕ್ಸಿ ಹಿಡಿಯಬೇಕು, ಮೀಟರ್ ಹಾಕಿಸಿ ಕೂರಬೇಕು. ಭಾಷೆಯ ಅಂಜಿಕೆ ಬೇಡ. ನಮ್ಮ ಭಾಗದ ಹಿಂದಿ, ದಖನಿ, ಗಡಿಯ ಮರಾಠಿ ಅಲ್ಲಿ ಚೆನ್ನಾಗಿ ನಡೆಯುತ್ತವೆ.

7. ಮೂರು ದಿನದ ಯೋಜನೆ

ಗುರುವಾರ: ಫೋರ್ಟ್ ಭಾಗ ಮತ್ತು ಮರೀನ್ ಡ್ರೈವ್. ಇಳಿದ ನಿಲ್ದಾಣದಿಂದಲೇ ಶುರು ಮಾಡಿ. 1878ರಲ್ಲಿ ಕೆಲಸ ಆರಂಭವಾದ, ಎಫ್.ಡಬ್ಲ್ಯು. ಸ್ಟೀವನ್ಸ್ ವಿನ್ಯಾಸದ ಸಿಎಸ್‌ಎಂಟಿ ಕಟ್ಟಡ 2004ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಅದರ ಪಕ್ಕದ ಪ್ರಧಾನ ಅಂಚೆ ಕಚೇರಿಯ ಗುಮ್ಮಟ ನೋಡಿ. ಜಾನ್ ಬೆಗ್ ಎಂಬ ವಾಸ್ತುಶಿಲ್ಪಿ ವಿಜಯಪುರದ ಗೋಳಗುಮ್ಮಟವನ್ನು ಮಾದರಿಯಾಗಿಟ್ಟುಕೊಂಡು ರೂಪಿಸಿದ ಈ ಕಟ್ಟಡ 1913ರಲ್ಲಿ ಮುಗಿಯಿತು. ಅಲ್ಲಿಂದ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯಕ್ಕೆ ಹೋಗಿ. ಐಹೊಳೆಯಿಂದ ಬಂದ ಚಾಲುಕ್ಯರ ಕಾಲದ ಶಿಲ್ಪಗಳು ಅಲ್ಲಿವೆ, ಮಕ್ಕಳಿಗೆ ತೋರಿಸಿ ಹೇಳಿ. ನಡುಮಧ್ಯಾಹ್ನ ಕೋಣೆಗೆ ಬಂದು ಮಲಗಿ, ರಾತ್ರಿ ಪ್ರಯಾಣದ ದಣಿವು ಕಳೆಯಲಿ. ಸಂಜೆ 5ಕ್ಕೆ ಚರ್ಚ್‌ಗೇಟ್ ಮುಂದಿನ ಮರೀನ್ ಡ್ರೈವ್‌ಗೆ ಹೋಗಿ ಗೋಡೆಯ ಮೇಲೆ ಕುಳಿತರೆ ಸೂರ್ಯ ಮುಳುಗುವುದೂ ಬೀದಿದೀಪಗಳ ಸಾಲು ಹೊತ್ತಿಕೊಳ್ಳುವುದೂ ಕಾಣುತ್ತದೆ.

ಶುಕ್ರವಾರ: ಎಲಿಫೆಂಟಾ. ಬೆಳಗ್ಗೆ 9ರೊಳಗೆ ಗೇಟ್‌ವೇ ಆಫ್ ಇಂಡಿಯಾ ಮುಟ್ಟಿ. ಜಾರ್ಜ್ ವಿಟೆಟ್ ರೂಪಿಸಿದ ಈ ಕಮಾನು ತೆರೆದದ್ದು 1924ರ ಡಿಸೆಂಬರ್ 4ರಂದು. ಲಾಂಚ್ ಟಿಕೆಟ್ ಅಲ್ಲಿಯೇ ಕೌಂಟರಿನಲ್ಲಿ ಕೊಳ್ಳಿ, ಮರಳುವ ಟಿಕೆಟ್ ಜೋಪಾನವಾಗಿಡಿ. ಸುಮಾರು ಒಂದು ಗಂಟೆಯ ಪಯಣ. ಮಧ್ಯಾಹ್ನ ಕಳೆದರೆ ಹೋಗುವ ಲಾಂಚ್ ಸಿಗುವುದು ಅನುಮಾನ. ದ್ವೀಪದಲ್ಲಿ ಇಳಿದ ಮೇಲೆ ನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಬೇಕು, ಮೊಣಕಾಲು ನೋವಿನವರು ನಿಧಾನವಾಗಿ ನಡೆಯಲಿ. ಕೈಯಲ್ಲಿ ತಿಂಡಿ ಹಿಡಿದರೆ ಮಂಗಗಳು ಬಿಡುವುದಿಲ್ಲ.

ಗುಹೆಯೊಳಗಿನ ಮೂರು ಮುಖದ ಶಿವನ ಮೂರ್ತಿಯ ಎದುರು ಅವಸರ ಮಾಡಬೇಡಿ. ಐದು ಮೀಟರಿಗೂ ಎತ್ತರದ ಈ ಶಿಲ್ಪವನ್ನು ಬೆಟ್ಟದಲ್ಲೇ ಕಡೆದಿದ್ದಾರೆ. ಆ ಬೆಟ್ಟ ದಖನ್ನಿನ ಕಪ್ಪು ಬಸಾಲ್ಟ್ ಕಲ್ಲಿನದು. ಆಳಂದ, ಅಫಜಲಪುರದ ಎರೆಭೂಮಿ ಇದೇ ಜಾತಿಯ ಕಲ್ಲು ಲಕ್ಷಾಂತರ ವರ್ಷ ಸವೆದು ಆದ ಮಣ್ಣು. ಕ್ರಿ.ಶ. 634ರ ಐಹೊಳೆ ಶಾಸನದಲ್ಲಿ ಇಮ್ಮಡಿ ಪುಲಿಕೇಶಿ ಪಶ್ಚಿಮ ಸಮುದ್ರದ ‘ಪುರಿ’ಯನ್ನು ಮುತ್ತಿದ ಪ್ರಸ್ತಾಪವಿದೆ. ಆ ಪುರಿ ಇದೇ ಘಾರಾಪುರಿ, ಅಂದರೆ ಎಲಿಫೆಂಟಾ ಎಂದು ಕೆಲವು ವಿದ್ವಾಂಸರು ಗುರುತಿಸುತ್ತಾರೆ.

ಶನಿವಾರ: ಹಾಜಿ ಅಲಿ, ಸಿದ್ಧಿವಿನಾಯಕ, ದಾದರ್, ಮಾಟುಂಗಾ. ಆಳಂದದ ಲಾಡ್ಲೆ ಮಶಾಯಕ, ಕಲಬುರಗಿಯ ಬಂದೇ ನವಾಜರ ದರ್ಗಾಗಳಿಗೆ ನಡೆದುಕೊಳ್ಳುವ ನಮ್ಮ ಜನಕ್ಕೆ ಹಾಜಿ ಅಲಿ ಹೊಸದೆನಿಸುವುದು ಅದು ನಿಂತ ಜಾಗದಿಂದ. ದರ್ಗಾ ಕಡಲ ನಡುವೆ ಇದೆ, ಅಲ್ಲಿಗೆ ಹೋಗುವ ಕಾಲುದಾರಿ ದೊಡ್ಡ ಉಬ್ಬರದಲ್ಲಿ ನೀರಿನಡಿ ಮುಚ್ಚುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರವಿದ್ದರೆ ಬೆಳಗ್ಗೆ ಬೇಗ ಹೋಗಿ ಬೇಗ ಮರಳಿ. ನಂತರ ಪ್ರಭಾದೇವಿಯ ಸಿದ್ಧಿವಿನಾಯಕ, ಅಲ್ಲಿಂದ ಶಿವಾಜಿ ಪಾರ್ಕ್ ಬಳಿಯ ಚೈತ್ಯಭೂಮಿ. 1956ರ ಡಿಸೆಂಬರ್ 7ರಂದು ಬಾಬಾಸಾಹೇಬರ ಅಂತ್ಯಸಂಸ್ಕಾರ ನಡೆದ ಈ ನೆಲ ಕಡಲ ದಂಡೆಯಲ್ಲೇ ಇದೆ. ಅವರು ಬಾಳಿದ, ತಮ್ಮ ಪುಸ್ತಕ ಭಂಡಾರ ಇಟ್ಟಿದ್ದ ‘ರಾಜಗೃಹ’ ದಾದರಿನ ಹಿಂದೂ ಕಾಲನಿಯಲ್ಲಿದೆ.

ಸಂಜೆ ಪಕ್ಕದ ಮಾಟುಂಗಾಕ್ಕೆ ನಡೆಯಿರಿ. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಇಲ್ಲಿದೆ, ರೈಲುಹಳಿಯ ಪಶ್ಚಿಮಕ್ಕೆ ಕರ್ನಾಟಕ ಸಂಘವಿದೆ. ಕನ್ನಡ ನಾಟಕ, ಉಪನ್ಯಾಸ ಇದ್ದರೆ ಕೂತು ಕೇಳಿ ಬನ್ನಿ. ಚಿಕ್ಕ ಮಕ್ಕಳಿದ್ದವರು ಗುರುವಾರದ ವಸ್ತು ಸಂಗ್ರಹಾಲಯದ ಹೊತ್ತಿನಲ್ಲಿ ಭಾಯಖಳಾದ ಪ್ರಾಣಿಸಂಗ್ರಹಾಲಯಕ್ಕೆ ಹೋಗಬಹುದು, ಅಲ್ಲಿ ಪೆಂಗ್ವಿನ್‌ಗಳಿವೆ.

8. ಊಟ, ತಿಂಡಿ

ಮಾಟುಂಗಾ ನಿಲ್ದಾಣದ ಬಳಿ 1942ರಿಂದ ನಡೆದುಬಂದ ಎ. ರಾಮ ನಾಯಕರ ಉಡುಪಿ ಶ್ರೀ ಕೃಷ್ಣ ಬೋರ್ಡಿಂಗ್‌ನಲ್ಲಿ ಬಾಳೆಎಲೆ ಊಟ ಸಿಗುತ್ತದೆ. ಅನ್ನಕ್ಕಿಂತ ರೊಟ್ಟಿ ಬೇಕೆನ್ನುವವರು ಮರಾಠಿ ಖಾನಾವಳಿಗಳಲ್ಲಿ ಜೋಳದ ಭಾಕ್ರಿ ಕೇಳಿ. ವಡಾ ಪಾವ್, ಮಿಸಳ್, ಚೌಪಾಟಿಯ ಭೇಳ್ ಸವಿಯಿರಿ. ಕಣ್ಣೆದುರು ಬಿಸಿಯಾಗಿ ಮಾಡಿಕೊಟ್ಟದ್ದನ್ನೇ ತಿನ್ನಿ, ಬೀದಿಯ ಶರಬತ್ತು, ಐಸ್ ಗೋಲಾದಿಂದ ಮಕ್ಕಳನ್ನು ದೂರವಿಡಿ.

9. ನೀರಿನ ಹತ್ತಿರ ಎಚ್ಚರ

ಬಾವಿಯಲ್ಲಿ, ಹೊಳೆಯಲ್ಲಿ ಈಜು ಕಲಿತವರಿಗೆ ಕಡಲಿನಲ್ಲೂ ಈಜಬಲ್ಲೆ ಎಂಬ ಧೈರ್ಯ ಬರುತ್ತದೆ. ಅದು ಅಪಾಯದ ಧೈರ್ಯ. ಬಾವಿಯ ನೀರು ನಿಂತಿರುತ್ತದೆ, ಹೊಳೆಯ ಸೆಳವು ಒಂದೇ ದಿಕ್ಕಿನದು. ಕಡಲಿನ ಅಲೆ ದಡಕ್ಕೆ ತಳ್ಳುವಾಗಲೇ ಅಡಿಯ ಸೆಳವು ಕಾಲಿನಡಿಯ ಮರಳನ್ನೂ ನಿಮ್ಮನ್ನೂ ಒಳಕ್ಕೆ ಎಳೆಯುತ್ತದೆ. ಜುಹೂ, ಗಿರಗಾಂವ್ ಚೌಪಾಟಿಯಲ್ಲಿ ಪಾದ ತೋಯುವಷ್ಟೇ ಇಳಿಯಿರಿ, ಮಕ್ಕಳ ಕೈ ಬಿಡಬೇಡಿ. ಜೀವರಕ್ಷಕರ ಸೀಟಿ ಕೇಳಿದ ಕೂಡಲೇ ಹೊರಬನ್ನಿ. ಮರೀನ್ ಡ್ರೈವ್‌ನ ಕಾಂಕ್ರೀಟ್ ದಿಮ್ಮಿಗಳ ಮೇಲೆ ಇಳಿಯಬೇಡಿ, ಪಾಚಿಗೆ ಕಾಲು ಜಾರಿದರೆ ಅವುಗಳ ಸಂದಿಯಿಂದ ಮೇಲೆತ್ತುವುದು ಬಹಳ ಕಷ್ಟ.

ಲಾಂಚ್‌ನಲ್ಲಿ ಲೈಫ್ ಜಾಕೆಟ್ ಕೇಳಿ ಪಡೆದು, ಪಯಣ ಮುಗಿಯುವವರೆಗೆ ಮೈಮೇಲೆ ಇಟ್ಟುಕೊಳ್ಳಿ. 2024ರ ಡಿಸೆಂಬರ್ 18ರಂದು ಎಲಿಫೆಂಟಾಕ್ಕೆ ಹೊರಟ ಪ್ರಯಾಣಿಕರ ದೋಣಿಗೆ ನೌಕಾಪಡೆಯ ವೇಗದ ದೋಣಿ ಡಿಕ್ಕಿಯಾಗಿ ಪ್ರಾಣಹಾನಿ ಆಯಿತು. ಶಾಂತ ಹವೆಯ ದಿನವೂ ಜಾಕೆಟ್ ಬೇಕು ಎಂಬುದಕ್ಕೆ ಅದೇ ಸಾಕ್ಷಿ. ತುರ್ತು ನೆರವಿಗೆ 112, ಹೆಂಗಸರು ಮತ್ತು ಹಿರಿಯರಿಗೆ ಮುಂಬೈ ಪೊಲೀಸರ 103, ಮಳೆ ನೆರೆಯ ಮಾಹಿತಿಗೆ ಮಹಾನಗರ ಪಾಲಿಕೆಯ 1916 ಬರೆದಿಟ್ಟುಕೊಳ್ಳಿ.

10. ಮರಳುವ ಹಾದಿ, ಮೊದಲ ಕೆಲಸ

ಮರಳುವಾಗ ಹಗಲಿನ ಗಾಡಿ ಹಿಡಿಯಿರಿ. ಬೆಳಗ್ಗೆ ಸಿಎಸ್‌ಎಂಟಿ ಬಿಡುವ ಉದ್ಯಾನ್ ಎಕ್ಸ್‌ಪ್ರೆಸ್ ಕರ್ಜತ್ ದಾಟಿ ಭೋರ್ ಘಾಟಿ ಏರುತ್ತದೆ. 1863ರಲ್ಲಿ ತೆರೆದ ಈ ಹಳಿಯ ಮೇಲೆ ಸುರಂಗಗಳ ಸಾಲು, ಆಳದ ಕಣಿವೆ ನೋಡಲು ಮಕ್ಕಳನ್ನು ಕಿಟಕಿ ಬದಿಗೆ ಕೂರಿಸಿ. ಸಂಜೆಯ ಹೊತ್ತಿಗೆ ಕಲಬುರಗಿ. ತಡವಾದರೆ ಊರಿನ ಕೊನೆಯ ಬಸ್ ತಪ್ಪಬಹುದು, ಆ ವ್ಯವಸ್ಥೆ ಮೊದಲೇ ಮಾಡಿಡಿ.

ಫೆಬ್ರುವರಿ ಮೊದಲ ವಾರ ಹೋಗುವ ಮನಸ್ಸಿದ್ದರೆ ಡಿಸೆಂಬರ್ ಮೊದಲ ವಾರದಲ್ಲೇ ಟಿಕೆಟ್ ಮಾಡಿಸಬೇಕು. ಆಗ ತೊಗರಿ ಇನ್ನೂ ಹೊಲದಲ್ಲಿರುತ್ತದೆ, ರಾಶಿಯ ಚಿಂತೆಯಲ್ಲಿ ಪ್ರವಾಸದ ಮಾತು ಮುಂದೆ ಹೋಗುತ್ತದೆ, ಕೊನೆಗೆ ಸೀಟು ಸಿಗುವುದಿಲ್ಲ. ಹೋಗುವ ಟಿಕೆಟ್ಟಿನ ಜೊತೆಗೆ ಮರಳುವ ಟಿಕೆಟ್ಟನ್ನೂ ಅದರ ಬುಕಿಂಗ್ ತೆರೆದ ದಿನವೇ ಮಾಡಿಸಿ. ಹೆಸರುಗಳನ್ನು ಬರೆಯುವಾಗ ಮನೆಯ ಹಿರಿಯರಿಂದಲೇ ಶುರು ಮಾಡಿ. ಮಕ್ಕಳಿಗೆ ಕಡಲು ನೋಡಲು ಮುಂದೆ ನೂರು ಅವಕಾಶ ಸಿಗಬಹುದು. ಜೀವನವೆಲ್ಲ ಹೊಲ ನೋಡಿಕೊಂಡ ಅಜ್ಜ ಅಮ್ಮಂದಿರನ್ನು ಈ ವರ್ಷವೇ ಕರೆದುಕೊಂಡು ಹೋಗಿ.